ಒಂದೇ ಗ್ರಾಹಕ, ಎರಡು ದಿಕ್ಕಿನ ಔಷಧ

ರೋಗನಿರೋಧಕ ಕೋಶಗಳ ಗ್ರಾಹಕಗಳ (ಕೋಶದ ಮೇಲ್ಮೈಯಲ್ಲಿದ್ದು ಸಂಕೇತಗಳನ್ನು ಹಿಡಿಯುವ ಅಣುಗಳ) ಬಗ್ಗೆ ಓದುತ್ತಿರುವಾಗ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಸಿಟಿಎಲ್‌ಎ-4. ರೋಗನಿರೋಧಕ ಕೋಶಗಳಲ್ಲೊಂದಾದ ಟಿ ಕೋಶವು ಪೂರ್ಣವಾಗಿ ಸಕ್ರಿಯವಾಗಲು ಎರಡು ಸಂಕೇತಗಳು ಬೇಕು. ಎರಡನೆಯದು ಸಿಡಿ28 ಎಂಬ ಗ್ರಾಹಕದ ಮೂಲಕ ಬರುತ್ತದೆ. ಸಿಡಿ28 ಹಿಡಿಯಬೇಕಾದ ಅಣುಗಳನ್ನೇ ಸಿಟಿಎಲ್‌ಎ-4 ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಟಿ ಕೋಶಕ್ಕೆ ಬ್ರೇಕ್ ಹಾಕುತ್ತದೆ.

ಈ ಬ್ರೇಕನ್ನು ಸಡಿಲಿಸಿ ಟಿ ಕೋಶಗಳು ಗೆಡ್ಡೆಯ ಮೇಲೆರಗುವಂತೆ ಮಾಡುವ ಇಪಿಲಿಮುಮ್ಯಾಬ್ ಎಂಬ ಔಷಧಕ್ಕೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಚಿಕಿತ್ಸೆಗಾಗಿ 2011ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಇದರ ಹಿಂದಿನ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಅವರು 2018ರ ನೊಬೆಲ್ ಪ್ರಶಸ್ತಿಯನ್ನು ತಸುಕು ಹೊಂಜೊ ಅವರೊಂದಿಗೆ ಹಂಚಿಕೊಂಡರು. ಸೋಜಿಗವೆಂದರೆ, ಅದಕ್ಕೂ ಮುಂಚೆಯೇ, 2005ರಲ್ಲಿ, ಸಿಟಿಎಲ್‌ಎ-4ರ ಹೊರಭಾಗವನ್ನು ಪ್ರತಿಕಾಯದ ತುಂಡೊಂದಕ್ಕೆ ಜೋಡಿಸಿ ತಯಾರಿಸಿದ ಅಬಾಟಸೆಪ್ಟ್, ಟಿ ಕೋಶಗಳನ್ನು ತಣ್ಣಗಾಗಿಸುವ ಔಷಧವಾಗಿ ರುಮಟಾಯ್ಡ್ ಸಂಧಿವಾತದ ರೋಗಿಗಳಿಗೆ ಲಭ್ಯವಾಗಿತ್ತು.

ಹಾಗಾಗಿ ಕ್ಯಾನ್ಸರನ್ನು ಮತ್ತು ಈ ಸಂಧಿವಾತದಂತೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ದೇಹದ ಮೇಲೆರಗುವ ಸ್ವಯಂನಿರೋಧಕ ಕಾಯಿಲೆಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವ ಅಭ್ಯಾಸವೇ ನನಗೆ ಈಗ ಅಸಹಜವೆನಿಸುತ್ತದೆ. ಬ್ರೇಕ್ ಸಡಿಲಿಸಿದ ಕ್ಯಾನ್ಸರ್ ರೋಗಿಗಳಲ್ಲಿ ಕೆಲವರಿಗೆ ಕರುಳಿನ ಉರಿಯೂತ, ಥೈರಾಯ್ಡ್ ತೊಂದರೆ, ಅಪರೂಪಕ್ಕೆ ಹೃದಯದ ಸ್ನಾಯುವಿನ ಉರಿಯೂತವೂ ಕಾಣಿಸಿಕೊಳ್ಳುತ್ತದೆ. ಸ್ಟೆರಾಯ್ಡ್‌ಗೂ ಬಗ್ಗದ ಅಂಥ ಹೃದಯದ ಉರಿಯೂತಕ್ಕೆ ವೈದ್ಯರು ಕೆಲವೊಮ್ಮೆ ಅದೇ ಅಬಾಟಸೆಪ್ಟ್‌ನ ಮೊರೆ ಹೋಗುತ್ತಾರೆ.

ಬ್ರೇಕಿನ ಗೊಡವೆಗೆ ಹೋಗದೆ ಸಿಡಿ28ನ್ನೇ ನೇರವಾಗಿ ಪ್ರಚೋದಿಸುವ ಟಿಜಿಎನ್1412 ಎಂಬ ಪ್ರತಿಕಾಯವನ್ನು 2006ರಲ್ಲಿ ಲಂಡನ್ನಿನಲ್ಲಿ ಆರು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ನೀಡಿದಾಗ, ಕೆಲವೇ ಗಂಟೆಗಳಲ್ಲಿ ಆರೂ ಮಂದಿ ತೀವ್ರ ನಿಗಾ ಘಟಕ ಸೇರಬೇಕಾಯಿತು. ಅವರೆಲ್ಲರೂ ಬದುಕುಳಿದರು, ಆದರೆ ಮನುಷ್ಯರ ಮೇಲಿನ ಮೊದಲ ಪ್ರಯೋಗಗಳ ನಿಯಮಗಳು ಆ ಬಳಿಕ ಬಹಳ ಬಿಗಿಯಾದವು.