ಬಸಿರಿ ಭೂಮಿಗೆ ಬಯಕೆ ಊಟ

ಮಾರ್ನಮಿ ಕಳೆಯಿತೆಂದರೆ ಸಾಕು, ಭೂಮಿ ಹುಣ್ಣಿಮೆ ಹಬ್ಬಕ್ಕೆಂದು ನಮ್ಮ ಮನೆಯ ಅಟ್ಟದಿಂದ ಎರಡು ಬಿದಿರ ಬುಟ್ಟಿ ಕೆಳಗಿಳಿಯುತ್ತಿದ್ದವು. ದೊಡ್ಡದು ಪೂಜೆಯ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ, ಚಿಕ್ಕದು ಗದ್ದೆಗೆ ಬೀರುವ ಸೊಪ್ಪಿನಡುಗೆ ಹಚ್ಚಂಬಲಿಯದ್ದು. ಅಮ್ಮ ಎರಡಕ್ಕೂ ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಿ, ನೆನೆಸಿದ ಅಕ್ಕಿ ಅರೆದು ಮಾಡಿದ ಬಿಳಿಯಲ್ಲಿ ಚಿತ್ತಾರ ಬರೆಯುತ್ತಿದ್ದಳು. ಕುಂಚ ಪುಂಡಿ ನಾರಿನದು. ಭತ್ತದ ಸಸಿ, ತೆನೆ, ಬಳ್ಳಿ, ಏಣಿ, ತೇರು ಎಲ್ಲವೂ ಕೂದಲೆಳೆಯಂಥ ಗೆರೆಗಳಲ್ಲಿ. ಗೆರೆ ಎಳೆಯುವಾಗ ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು. ಮಾತಾಡಿಸಿದರೆ ಎಡಗೈ ಎತ್ತಿ ತಡೆಯುತ್ತಿದ್ದಳೇ ಹೊರತು ತಲೆ ಎತ್ತುತ್ತಿರಲಿಲ್ಲ. ಸಾಗರ, ಸೊರಬ, ಹೊಸನಗರದ ಕಡೆ ದೀವರು ಸಮುದಾಯದ ಹೆಣ್ಣುಮಕ್ಕಳ ಕೈಯಲ್ಲಿ ಉಳಿದುಬಂದ ಹಸೆ ಚಿತ್ತಾರವೇ ಇದು. ಮದುವೆ ಮನೆಯ ಗೋಡೆಯ ಮೇಲೆ ಬರೆಯುವ ಅದೇ ಕೈ ಈ ಹಬ್ಬಕ್ಕೆ ಬುಟ್ಟಿಯ ಮೇಲೆ ಬರೆಯುತ್ತದೆ.

ಭೂಮಿ ಹುಣ್ಣಿಮೆ ಎಂದರೆ ಆಶ್ವಯುಜ ಮಾಸದ ಹುಣ್ಣಿಮೆ. ಇದೇ ದಿನವನ್ನು ಬೇರೆ ಕಡೆ ಶರತ್ ಪೂರ್ಣಿಮೆ ಎನ್ನುತ್ತಾರೆ, ಕೋಜಾಗರಿ ಎಂದು ರಾತ್ರಿಯೆಲ್ಲ ಎಚ್ಚರವಿದ್ದು ಲಕ್ಷ್ಮಿಯನ್ನು ಪೂಜಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಶೀಗಿ ಹುಣ್ಣಿಮೆ. ಅಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಅಡುಗೆಯನ್ನು ಬೆಳೆಗೆ ಎಡೆಯಾಗಿ ಬೀರುತ್ತಾರೆ. ಮಲೆನಾಡಿನಲ್ಲಿ ಹಬ್ಬದ ಗುಟ್ಟು ಗದ್ದೆಯಲ್ಲಿದೆ. ಮಳೆಗಾಲದಲ್ಲಿ ನೆಟ್ಟ ಸಸಿ ಈ ಹೊತ್ತಿಗೆ ಹೊಡೆ ತುಂಬಿಕೊಂಡಿರುತ್ತದೆ. ಬುಡದಿಂದ ಮೇಲಕ್ಕೆ ಕಾಂಡವನ್ನು ಮೆಲ್ಲಗೆ ಬೆರಳಲ್ಲಿ ಸವರಿದರೆ ಒಳಗೆ ತೆನೆ ಮಡಚಿ ಕೂತಿರುವುದು ತಿಳಿಯುತ್ತದೆ. ಅಲ್ಲೊಂದು ಇಲ್ಲೊಂದು ತೆನೆ ಆಗಲೇ ಹೊರಬಂದಿರುತ್ತದೆ. ಕಾಳನ್ನು ಹಿಚುಕಿದರೆ ಹಾಲು. ಅಂದರೆ ಭೂಮಿ ಈಗ ತುಂಬು ಬಸುರಿ. ಬಸುರಿ ಹೆಂಗಸಿಗೆ ತವರಿನವರು ಬಯಕೆ ಊಟ ಹಾಕುವ ಹಾಗೆ, ಅವಳ ಅನ್ನ ಉಂಡವರು ಅವಳಿಗೆ ಉಣ್ಣಿಸುವ ದಿನ ಇದು.

ನನಗೆ ಈ ಹಬ್ಬದ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರೀತಿ ಇರುವುದು ಇದೇ ಕಾರಣಕ್ಕೆ. ದೇವರ ಮುಂದೆ ಕೈಮುಗಿದು ನಿಂತಾಗ ನಮ್ಮ ಬಾಯಿಂದ ಬೇಡಿಕೆ ಬರದೆ ಇರುವುದು ಎಷ್ಟು ಅಪರೂಪ! ಮಕ್ಕಳ ಓದು, ಆರೋಗ್ಯ, ಸಾಲ, ಮಳೆ ಎಲ್ಲವನ್ನೂ ಅವನ ಪಾದಕ್ಕೆ ಹಾಕುತ್ತೇವೆ, ತಪ್ಪೇನಲ್ಲ. ಆದರೆ ಭೂಮಿ ಹುಣ್ಣಿಮೆಗೆ ಹಿಂದಿನ ರಾತ್ರಿ ಒಲೆ ಮುಂದೆ ಕೂತ ಹೆಂಗಸರ ತಲೆಯಲ್ಲಿ ಇರುವುದು ಒಂದೇ ಯೋಚನೆ. ಆ ತಾಯಿಗೆ ಈಗ ಏನು ತಿನ್ನಬೇಕು ಅನ್ನಿಸುತ್ತಿದೆ? ಹುಳಿಯಾ, ಕಹಿಯಾ, ಸಿಹಿಯಾ?

ಹಾಗಾಗಿಯೇ ಎಲ್ಲವನ್ನೂ ಮಾಡುವುದು. ಹಚ್ಚಂಬಲಿಗೆ ಬೇಲಿ, ಹಿತ್ತಲು, ಕಾಡಂಚು ಸುತ್ತಿ ತಂದ ಬೆರಕೆ ಸೊಪ್ಪು, ಕೆಸು, ಹೀರೆ, ಹಾಗಲ, ಅಮಟೆಕಾಯಿ. ಬಾಳೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಸೌತೆಕಾಯಿ ಕಡುಬು, ಮೊಸರನ್ನದ ಬುತ್ತಿ ಉಂಡೆ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಮಲಗುತ್ತಿರಲಿಲ್ಲ. ಹೊರಗೆ ಹುಣ್ಣಿಮೆ ಬೆಳಕು, ಒಳಗೆ ಹೊಗೆ, ಅಮಟೆಕಾಯಿಯ ಹುಳಿವಾಸನೆ. ರುಚಿ ನೋಡುವ ಹಾಗಿಲ್ಲ. ಮೊದಲ ತುತ್ತು ಅವಳದು.

ಇನ್ನೂ ಕತ್ತಲಿರುವಾಗಲೇ ಅಪ್ಪ ಹಚ್ಚಂಬಲಿಯ ಬುಟ್ಟಿ ಹೊತ್ತು, ದೊಂದಿ ಹಿಡಿದು ಹೊರಡುತ್ತಿದ್ದರು. ಒಮ್ಮೆ ಹಟ ಮಾಡಿ ನಾನೂ ಹಿಂದೆ ಹೋಗಿದ್ದೆ. ಗದ್ದೆ ಅಂಚಿನ ಹುಲ್ಲೆಲ್ಲ ಇಬ್ಬನಿಯಲ್ಲಿ ನೆನೆದು ಮೊಣಕಾಲ ತನಕ ಒದ್ದೆ. ಅಪ್ಪ ಅಂಚಿನ ಮೇಲೆ ನಡೆಯುತ್ತಾ ಎರಡೂ ಬದಿಗೆ ಹಚ್ಚಂಬಲಿ ಬೀರುತ್ತಾ ಕೂಗುತ್ತಿದ್ದರು: ಹಚ್ಚಂಬಲಿ, ಹಾಲಂಬಲಿ, ಗುಡ್ಡದ ಮೇಲಿನ ನೂರೊಂದು ಕುಡಿ, ಭೂಮ್ತಾಯಿ ಬಂದು ಉಂಡು ಹೋಗ್ಲಿ! ಊರಿಂದ ಊರಿಗೆ ಈ ಕೂಗಿನ ಮಾತು ಸ್ವಲ್ಪ ಬದಲಾಗುತ್ತದೆ, ಕೊನೆಯ ಕರೆ ಮಾತ್ರ ಒಂದೇ. ಆಚೆ ಗದ್ದೆಯಿಂದ ಇನ್ನೊಬ್ಬರ ಕೂಗು, ಅದರಾಚೆ ಮತ್ತೊಬ್ಬರದು. ಮನೆಯಲ್ಲಿ ಗಟ್ಟಿಯಾಗಿ ಮಾತೇ ಆಡದ ಅಪ್ಪ ಹೀಗೆ ಗಂಟಲು ಬಿಟ್ಟು ಒಬ್ಬಳನ್ನು ಊಟಕ್ಕೆ ಕರೆಯುವುದನ್ನು ನಾನು ಮೊದಲು ಕೇಳಿದ್ದು ಅಂದೇ. ನನಗೆ ತಿಳಿದ ಮಟ್ಟಿಗೆ ಮಂತ್ರವೆಂದರೆ ಅದು.

ಬೆಳಗಾದ ಮೇಲೆ ಮನೆಮಂದಿಯೆಲ್ಲ ಭೂಮಣ್ಣಿ ಬುಟ್ಟಿಯೊಂದಿಗೆ ಹೋಗುವುದು. ಗದ್ದೆಯಲ್ಲಿ ಚೆನ್ನಾಗಿ ಬಂದ ಕೆಲವು ಸಸಿಗಳನ್ನು ಒಟ್ಟುಮಾಡಿ, ಬಾಳೆ ಕಂಬ ನಿಲ್ಲಿಸಿ, ಅರಿಶಿನ ಕುಂಕುಮ, ಹೂವು, ಹೊಸ ಬಟ್ಟೆ. ಆಮೇಲೆ ಅಮ್ಮ ತನ್ನ ಕೊರಳಿನ ತಾಳಿಸರ ತೆಗೆದು ಆ ಸಸಿಗೆ ಹಾಕುತ್ತಿದ್ದಳು. ಸ್ನಾನಕ್ಕೆ ಹೋಗುವಾಗಲೂ ತೆಗೆಯದ ಸರ ಅದು. ಎಡೆ ಇಟ್ಟು, ಕಾಗೆಗೆ ಒಂದು ಪಾಲು, ಇಲಿಗೆ ಒಂದು ಪಾಲು. ಬೆಳೆ ತಿನ್ನುವ ಇಲಿಗೂ ಅಂದು ಎಲೆ ಹಾಕುತ್ತಾರೆ, ತಾಯಿಯ ಮನೆಯಲ್ಲಿ ಅದೂ ಒಂದು ಮಗು ಎಂಬಂತೆ. ಒಂದು ಕೊಟ್ಟೆ ಕಡುಬನ್ನು ಗದ್ದೆಯ ಮಣ್ಣಿನಲ್ಲೇ ಹುಗಿದು, ಕೊಯ್ಲಿನ ಹೊತ್ತಿಗೆ ತೆಗೆಯುವುದು. ಅಲ್ಲೇ ಅಂಚಿನ ಮೇಲೆ ಸಾಲಾಗಿ ಕೂತು ಎಲ್ಲರ ಊಟ.

ಈಗ ನಮ್ಮ ಗದ್ದೆಯ ಮುಕ್ಕಾಲು ಭಾಗ ಅಡಿಕೆ ತೋಟ. ಊರಲ್ಲಿ ಹೆಚ್ಚಿನವರದೂ ಇದೇ ಕಥೆ. ಹಾಗೆಂದು ಹಬ್ಬ ನಿಂತಿಲ್ಲ. ಅಡಿಕೆ ಮರದ ಬುಡಕ್ಕೂ ಎಡೆ ಬೀಳುತ್ತದೆ, ಗೊನೆ ತುಂಬಿದ ಮರವೂ ಬಸುರಿಯೇ. ಆದರೆ ಉಳಿದಿರುವ ಕಾಲು ಭಾಗ ಗದ್ದೆಯನ್ನು ಬಿಡಲು ಅಮ್ಮ ಒಪ್ಪುವುದಿಲ್ಲ. ಲೆಕ್ಕ ಹಾಕಿದರೆ ಲಾಭವಿಲ್ಲ ಎಂದು ನಾನೇ ಎರಡು ಸಲ ಹೇಳಿದ್ದೆ. ಹಾಗೆ ಹೇಳಬಾರದಿತ್ತು. "ತಾಳಿ ಎಲ್ಲಿ ಹಾಕಲಿ ಮಗಾ?" ಎಂದಿದ್ದಳು.

ಕಳೆದ ಹುಣ್ಣಿಮೆಗೆ ಬುಟ್ಟಿಯ ಚಿತ್ತಾರ ಬರೆದವಳು ನನ್ನ ಹೆಂಡತಿ. ಅಮ್ಮನ ಕೈ ಈಗ ನಡುಗುತ್ತದೆ. ಪಕ್ಕದಲ್ಲಿ ಕೂತು ಗೆರೆ ತೋರಿಸಿದಳು. ಪೂಜೆ ಮುಗಿದ ಮೇಲೆ ಸಸಿಯಿಂದ ಸರ ಬಿಡಿಸಿ ಅಮ್ಮನ ಕೈಗೆ ಕೊಟ್ಟೆ. ಕರಿಮಣಿಗಳ ಸಂದಿಯಲ್ಲಿ ಭತ್ತದ ಹೂವಿನ ಪುಡಿ ಸಣ್ಣಗೆ ಅಂಟಿತ್ತು. ಒರೆಸಲು ಸೆರಗು ಹಿಡಿದವಳು ಹಾಗೇ ಬಿಟ್ಟು, ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡಳು.