ಪುಟ್ಟ ಮಕ್ಕಳೊಡನೆ ಹಿನ್ನೀರಿಗೆ: ಹಗುರ ಕ್ಯಾನೋ ಆರಿಸುವಾಗ

ಹೇಮಾವತಿಯ ಹಿನ್ನೀರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹುಟ್ಟು ಹಾಕಬೇಕೆಂದು ಕ್ಯಾನೋ ಎಂಬ ಉದ್ದನೆಯ ತೆರೆದ ದೋಣಿ ಕೊಳ್ಳಲು ಹೊರಡುವ ಹಾಸನದ ಗೆಳೆಯರು ಬೆಲೆ, ಉದ್ದ, ಬಣ್ಣಗಳನ್ನೆಲ್ಲ ವಿಚಾರಿಸುತ್ತಾರೆ. ನಾನು ಮೊದಲು ಕೇಳುವುದು ತೂಕವನ್ನು. ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟೆಯಲ್ಲಿ ನೀರಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಮಳೆಗಾಲ ಕಳೆದು ನಾಲೆಗಳಿಗೆ ನೀರು ಹರಿದಂತೆಲ್ಲ ದಡ ಹಿಂದಕ್ಕೆ ಸರಿಯುತ್ತದೆ. ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿನೊಳಗೆ ಬೇಸಿಗೆಯಲ್ಲಿ ಜನ ನಡೆದಾಡುತ್ತಾರೆಂದರೆ, ಕಾರು ನಿಲ್ಲಿಸಿದ ಜಾಗದಿಂದ ನೀರಿನ ಅಂಚಿಗೆ ಎಷ್ಟು ದೂರ ದೋಣಿ ಹೊರಬೇಕಾದೀತೆಂದು ಊಹಿಸಬಹುದು. ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಾಣುವ ಗೋಡುಮಣ್ಣು, ಅಂಚು ಹತ್ತಿರವಾದಂತೆ ಕಣಕಾಲಿನವರೆಗೆ ಹೂತುಕೊಳ್ಳುತ್ತದೆ. ಭಾರದ ದೋಣಿಗೆ ಹಿರಿಯರಿಬ್ಬರೂ ಕೈ ಹಾಕಿದರೆ, ನೀರು ಕಂಡೊಡನೆ ಓಡುವ ನಾಲ್ಕು ವರ್ಷದ ಮಗುವಿನ ಕೈ ಹಿಡಿಯುವವರು ಯಾರು? ಆದ್ದರಿಂದ ಒಬ್ಬರೇ ಹೆಗಲಿಗೇರಿಸಿಕೊಂಡು ನಡೆಯಬಲ್ಲ ದೋಣಿಯೇ ಮಕ್ಕಳಿರುವ ಮನೆಗೆ ತಕ್ಕದ್ದು.

ಈ ಹಗುರತನ ದೋಣಿಯನ್ನು ಯಾವುದರಿಂದ ಮಾಡಿದ್ದಾರೆ ಎಂಬುದರಿಂದ ಬರಬೇಕೇ ಹೊರತು ಅದರ ಅಳತೆಯನ್ನು ಕುಗ್ಗಿಸುವುದರಿಂದಲ್ಲ. ಸುಮಾರು 16 ಅಡಿಯ ಪಾಲಿಎಥಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಕ್ಯಾನೋ 35ರಿಂದ 40 ಕಿಲೋ ತೂಗಿದರೆ, ಫೈಬರ್‌ಗ್ಲಾಸಿನದು 30ರ ಆಸುಪಾಸಿನಲ್ಲಿರುತ್ತದೆ; ಕೆವ್ಲಾರ್ ಎಂಬ ಹಗುರವೂ ಗಟ್ಟಿಯೂ ಆದ ಕೃತಕ ನಾರಿನದು 20ರ ಆಸುಪಾಸಿಗೂ ಇಳಿಯುತ್ತದೆ. ಕೆವ್ಲಾರ್ ದುಬಾರಿ, ಬಿಸಿಲಿಗೆ ಹಾಳಾಗುವಂಥದ್ದು, ನೆರಳಿನಲ್ಲಿಟ್ಟು ಕಾಪಾಡಬೇಕು; ನೀರಿನಡಿಯ ಮರದ ಬೊಡ್ಡೆಗಳಿಗೂ ಕಲ್ಲುಗಳಿಗೂ ಉಜ್ಜದಂತೆ ನಡೆಸಬೇಕು. ಆದರೂ ಹಣ ಹೊಂದಿಸಲು ಸಾಧ್ಯವಿದ್ದವರಿಗೆ ನಾನು ಅದನ್ನೇ ಹೇಳುತ್ತೇನೆ. ಗಾಳಿ ತುಂಬಿಸುವ ಕ್ಯಾನೋ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆ, ತೂಕವೂ ಕಡಿಮೆ. ಆದರೆ ಗಾಳಿ ಬೀಸಿದಾಗ ಪಕ್ಕಕ್ಕೆ ಜಾರುವುದರಿಂದ ಅದು ಚಿಕ್ಕ ಕೆರೆಗಷ್ಟೇ ಸರಿ.

ಹಗುರವೆಂಬ ಒಂದೇ ಕಾರಣಕ್ಕೆ 12 ಅಡಿಯ ಕಿರಿದಾದ ದೋಣಿಯನ್ನು ಕೊಳ್ಳಬಾರದು. ಮಗು ನೀರಿಗೆ ಕೈ ಅದ್ದಲೆಂದು ಇದ್ದಕ್ಕಿದ್ದಂತೆ ಅಂಚಿಗೆ ಬಾಗುತ್ತದೆ, ಅದನ್ನು ನೋಡಿ ಇನ್ನೊಂದು ಮಗುವೂ ಅದೇ ಕಡೆಗೆ ಸರಿಯುತ್ತದೆ. ಆಗ ದೋಣಿ ವಾಲಿದರೂ ಮಗುಚದಿರಬೇಕಾದರೆ ನಡುವೆ 90 ಸೆಂಟಿಮೀಟರಿನಷ್ಟು ಅಗಲವೂ ತುಸು ಕಮಾನಿನಂತಿರುವ ತಳವೂ ಬೇಕು. ಪೂರ್ತಿ ಚಪ್ಪಟೆಯಾದ ತಳ ನಿಂತ ನೀರಿನಲ್ಲಿ ಬಹಳ ಭದ್ರವೆನಿಸಿದರೂ ಅಲೆ ಎದ್ದಾಗ ಅಷ್ಟು ನಂಬಿಕೆಗೆ ತಕ್ಕದ್ದಲ್ಲ. ಮಕ್ಕಳನ್ನು ನಡುಭಾಗದಲ್ಲಿ ದಪ್ಪ ಚಾಪೆ ಹಾಸಿ ತಳದ ಮೇಲೆಯೇ ಕೂರಿಸಿದರೆ ಭಾರ ಕೆಳಗಿಳಿದು ದೋಣಿ ಇನ್ನಷ್ಟು ಸ್ಥಿರವಾಗುತ್ತದೆ.

ಲೈಫ್ ಜಾಕೆಟ್ಟಿನ ವಿಷಯದಲ್ಲಿ ರಾಜಿ ಸಲ್ಲದು. ದೊಡ್ಡವರದನ್ನು ಬಿಗಿದು ಕಟ್ಟುವುದಲ್ಲ. ಮಗುವಿನ ತೂಕಕ್ಕೆ ಹೊಂದುವ, ಕತ್ತಿನ ಹಿಂದೆ ಆಸರೆಯಿರುವ, ತೊಡೆಗಳ ನಡುವೆ ಪಟ್ಟಿಯಿರುವ ಜಾಕೆಟ್ಟೇ ಆಗಬೇಕು. ಹೆಗಲಿನ ಪಟ್ಟಿ ಹಿಡಿದು ಮಗುವನ್ನು ಮೇಲಕ್ಕೆತ್ತಿದಾಗ ಜಾಕೆಟ್ ಕಿವಿಯವರೆಗೆ ಏರಿದರೆ ಅದು ನಿರುಪಯೋಗಿ.

ಮಳೆಗಾಲವಿಡೀ ನೀರಿಗಿಳಿಯುವ ಮಾತಿಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರು ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿಕೊಂಡಿರುವುದರಿಂದ ಅಲ್ಲಿ ಸ್ವಂತ ದೋಣಿಯ ಯೋಚನೆಯನ್ನೇ ಬಿಡುವುದು ಲೇಸು. ಹೇಮಾವತಿ ಜಲಾಶಯ ಕಾವೇರಿ ನೀರಾವರಿ ನಿಗಮದ ಅಧೀನದಲ್ಲಿದೆ; ದೋಣಿಗೆ ಮುಂಗಡ ಕೊಡುವ ಮೊದಲೇ ಅಲ್ಲಿ ಅನುಮತಿಯ ವಿಚಾರ ಕೇಳಿಕೊಳ್ಳಿ. ಮಾರುವವರ ಅಂಗಳದಲ್ಲೇ ನಡುವಿನ ಅಡ್ಡಪಟ್ಟಿಗೆ ಹೆಗಲು ಕೊಟ್ಟು ದೋಣಿಯನ್ನು ಒಬ್ಬರೇ ಎತ್ತಿ, ನೂರು ಹೆಜ್ಜೆ ನಡೆದು, ಯಾರ ನೆರವೂ ಇಲ್ಲದೆ ಇಳಿಸಿ ನೋಡಿ. ಅದು ಆಗದಿದ್ದರೆ ಬೇರೆ ದೋಣಿ ಹುಡುಕಿ.