ಎರಡು ಸೆನ್ಸರ್ ತಿರುಗಿಸಿದೆ, ನಾಯ್ಸ್ ಅಡಗಿತು

ಕೊನೆಗೂ ಗ್ರಾಫ್ ಹದಕ್ಕೆ ಬಂತು. ರಸ್ತೆಯಲ್ಲಿ ಲಾರಿ ಹೋದರೆ ಮನೆಯ ನೆಲ ಎಷ್ಟು ಅದುರುತ್ತದೆ ಅಂತ ನೋಡುವ ಪೆಟ್ಟಿಗೆ ಇದು: ಅಲುಗಾಟವನ್ನು ವೋಲ್ಟೇಜ್ ಆಗಿ ತೋರಿಸುವ ಎಡಿಎಕ್ಸ್‌ಎಲ್335 ಸೆನ್ಸರ್ ನಾಲ್ಕು, ಆ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಎಸ್1115 ಚಿಪ್ ಒಂದು. ಬೆಸುಗೆ, ಕೋಡ್ ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ.

ಲೆಕ್ಕ ಸಲೀಸು. ಎಕ್ಸ್ ಅಕ್ಷದ (ಅಡ್ಡ ಅಲುಗಾಟದ) ನಾಯ್ಸ್, ಅಂದರೆ ಏನೂ ಅಲುಗದಿದ್ದರೂ ಗ್ರಾಫ್‌ನಲ್ಲಿ ಕಾಣುವ ನಡುಕ, ರೂಟ್ ಹರ್ಟ್ಜ್‌ಗೆ 150 ಮೈಕ್ರೋ-ಜಿ (ಜಿ ಅಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ), ಅಂದರೆ 50 ಹರ್ಟ್ಜ್ ಬ್ಯಾಂಡ್‌ವಿಡ್ತ್‌ನಲ್ಲಿ ಸುಮಾರು 1.3 ಮಿಲಿ-ಜಿ. ಒಂದೊಂದರ ನಾಯ್ಸ್ ಬೇರೆಬೇರೆ ಆದ್ದರಿಂದ ನಾಲ್ಕರ ಸರಾಸರಿ ತೆಗೆದರೆ ಅದರ ಅರ್ಧ. ಸರಾಸರಿಗೆ ಆಪ್‌ಆಂಪ್ (ಆಂಪ್ಲಿಫೈಯರ್ ಚಿಪ್) ಕೂಡ ಬೇಡ. ಚಿಪ್‌ನೊಳಗೆ ಪ್ರತಿ ಔಟ್‌ಪುಟ್‌ಗೂ 32 ಕಿಲೋಓಮ್ ರೆಸಿಸ್ಟರ್ ಇದೆಯಲ್ಲ, ನಾಲ್ಕೂ ಎಕ್ಸ್ ಪಿನ್‌ಗಳನ್ನು ಸುಮ್ಮನೆ ಸೇರಿಸಿ ಕಟ್ಟಿದರೆ ಸರಾಸರಿ ತಾನಾಗೇ ಬರುತ್ತದೆ. ರೆಸಿಸ್ಟೆನ್ಸ್ ಕಾಲುಭಾಗ, ಕೆಪಾಸಿಟೆನ್ಸ್ ನಾಲ್ಕು ಪಟ್ಟು; ಬ್ಯಾಂಡ್‌ವಿಡ್ತ್ ಇದ್ದಲ್ಲೇ. ನನ್ನಂಥ ಸೋಮಾರಿಗಳಿಗೆ ಹೇಳಿ ಮಾಡಿಸಿದ್ದು.

ಬಂದದ್ದೇನು? ಒಂಟಿ ಸೆನ್ಸರ್ 1.6 ಮಿಲಿ-ಜಿ, ನಾಲ್ಕೂ ಸೇರಿ 1.1. ಅರ್ಧಕ್ಕಿಳಿಯಬೇಕಾದದ್ದು ಮೂರನೇ ಒಂದು ಭಾಗ ಇಳಿದು ಕೂತುಬಿಟ್ಟಿತು. ಫೆರೈಟ್ ಬೀಡ್, ದಪ್ಪ ಕೆಪಾಸಿಟರ್, ಪವರ್ ಬ್ಯಾಂಕ್, ಯಾವುದಕ್ಕೂ ಪೂರ್ತಿ ಜಗ್ಗಲಿಲ್ಲ. ಸಾಲದ್ದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದು ಹೆಚ್ಚುವರಿ ಸೆನ್ಸರ್ ಬೋರ್ಡ್ ಕೇಳಿದರೆ ಎಡಿಎಕ್ಸ್‌ಎಲ್345 ಕೊಟ್ಟು ಕಳಿಸಿತು. ಅದು ಡಿಜಿಟಲ್ ಸ್ವಾಮಿ, ನನಗೆ ಅನಲಾಗ್ ಬೇಕು ಅಂದರೆ, 'ಹತ್ತು ನಂಬರ್ ಜಾಸ್ತಿನೇ ಇದೆಯಲ್ಲ ಸಾರ್' ಅಂತ ಉತ್ತರ!

ಎರಡು ಬೋರ್ಡ್‌ಗಳ ಗೆರೆಗಳನ್ನು ಒಂದರ ಮೇಲೊಂದು ಹಾಕಿದಾಗ ಕಳ್ಳ ಸಿಕ್ಕಿಬಿದ್ದ. ನಿಧಾನದ ಏರಿಳಿತ ಎರಡರಲ್ಲೂ ಜೊತೆಜೊತೆಗೇ. ಎಡಿಎಕ್ಸ್‌ಎಲ್335 ರೇಷಿಯೋಮೆಟ್ರಿಕ್, ಅಂದರೆ ಅದರ ಔಟ್‌ಪುಟ್ ಸಪ್ಲೈ ವೋಲ್ಟೇಜಿಗೆ ತಕ್ಕಂತೆ ಏರಿಳಿಯುತ್ತದೆ; ಸೊನ್ನೆ-ಜಿ (ಅಲುಗಾಟವಿಲ್ಲ) ಅಂದರೆ ಸಪ್ಲೈನ ಅರ್ಧ. ಎಡಿಎಸ್1115 ಮಾತ್ರ ತನ್ನ ಸ್ವಂತ ರೆಫರೆನ್ಸ್‌ಗೆ (ಅಳತೆಗೋಲಾಗಿರುವ ಸ್ಥಿರ ವೋಲ್ಟೇಜಿಗೆ) ಅಂಟಿಕೊಂಡಿರುತ್ತದೆ. ಸಪ್ಲೈ ಅಲುಗಿದರೆ ನಾಲ್ಕೂ ಒಟ್ಟಿಗೆ ಅಲುಗುತ್ತವೆ. ನಾಲ್ಕಲ್ಲ, ನಲವತ್ತು ಸೇರಿಸಿದರೂ ಸರಾಸರಿ ಇದನ್ನು ಮುಟ್ಟುವುದಿಲ್ಲ.

ಮದ್ದು: ಎರಡು ಬೋರ್ಡ್‌ಗಳನ್ನು ಕೂತಲ್ಲೇ 180 ಡಿಗ್ರಿ ತಿರುಗಿಸಿ ಅಂಟಿಸಿದೆ. ಆ ಜೋಡಿಯಲ್ಲಿ ಎಕ್ಸ್ ಉಲ್ಟಾ. ಒಂದು ಜೋಡಿ ಎಡಿಎಸ್1115ರ ಎಐಎನ್0 ಪಿನ್‌ಗೆ, ಇನ್ನೊಂದು ಎಐಎನ್1ಗೆ, ಎರಡರ ವ್ಯತ್ಯಾಸ ಅಳೆಯುವ ಡಿಫರೆನ್ಷಿಯಲ್ ಮೋಡ್. ಕಂಪನ ಕೂಡಿಕೊಳ್ಳುತ್ತದೆ, ಸಪ್ಲೈ ಗಲಾಟೆ ಕಳೆದುಹೋಗುತ್ತದೆ, ಸೆನ್ಸರ್‌ಗಳ ಸ್ವಂತ ನಾಯ್ಸ್ ಮೊದಲಿನ ಲೆಕ್ಕದಂತೆ ಅರ್ಧ. ಈಗ 0.7! ಷರತ್ತು ಒಂದೇ: ಬೋರ್ಡ್‌ಗಳ ಮೇಲಿನ ರೆಗ್ಯುಲೇಟರ್ ಬೈಪಾಸ್ ಮಾಡಿ ನಾಲ್ಕಕ್ಕೂ ಒಂದೇ 3.3 ವೋಲ್ಟ್ ಕೊಡಬೇಕು. ವ್ಯತ್ಯಾಸ ಸೊನ್ನೆಯ ಆಸುಪಾಸು ಇರುವುದರಿಂದ ±0.256 ವೋಲ್ಟ್ ರೇಂಜ್ ಸಾಕಾಯಿತು. ಆ ರೇಂಜ್‌ನಲ್ಲಿ ಎಡಿಎಸ್1115ರ ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) 710 ಕಿಲೋಓಮ್‌ಗೆ ಇಳಿದು ಅಳತೆಯಲ್ಲಿ ಶೇ. 4ರಷ್ಟು ತಿನ್ನುತ್ತದೆ, ಕ್ಯಾಲಿಬ್ರೇಷನ್‌ನಲ್ಲಿ ಸರಿಹೋಗುತ್ತದೆ. ಝಡ್ (ಮೇಲೆ-ಕೆಳಗಿನ) ಅಕ್ಷಕ್ಕೆ ಬೋರ್ಡನ್ನೇ ಮಗುಚಬೇಕು. ಅದರ ನಾಯ್ಸ್ ಹೇಗೂ ಇಮ್ಮಡಿ, ನನಗೆ ಬೇಡ.

ಮುಂದೆ ಜಿಯೋಫೋನ್, ನೆಲದಲ್ಲಿ ಹೂತು ಕಂಪನ ಹಿಡಿಯುವ ಸೆನ್ಸರ್. ಗೌರಿಬಿದನೂರಿನಲ್ಲಿ 1965ರಿಂದ ಇರುವ ಭೂಕಂಪನ ಜಾಲದಲ್ಲಿ ಸೀಸ್ಮೋಮೀಟರ್‌ಗಳನ್ನು ಎಲ್ ಆಕಾರದಲ್ಲಿ ಕಿಲೋಮೀಟರ್‌ಗಟ್ಟಲೆ ಹರಡಿದ್ದಾರೆ, ಒಂದಕ್ಕೆ ಕೇಳುವ ನೆಲದ ಗಲಾಟೆ ಇನ್ನೊಂದಕ್ಕೂ ಹಾಗೇ ಕೇಳದಿರಲಿ ಅಂತಲೂ ಇದೆ. ನನ್ನದು ಮೂವತ್ತು-ನಲವತ್ತು ಸೈಟು, ಹೆಚ್ಚೆಂದರೆ ಎರಡು ಜಿಯೋಫೋನ್ ಹೂಳಬಹುದು. ಅವು ಬಂದ ಮೇಲೆ ಈ ಪೆಟ್ಟಿಗೆ ವಾಷಿಂಗ್ ಮೆಷಿನ್‌ಗೆ ಹೋಗುತ್ತದೆ. ಅದರ ಬೇರಿಂಗ್ ಮೇಲೆ ನನಗೆ ಬಹಳ ದಿನದ ಅನುಮಾನ.